ಗುಣವಾಗುವ ದಾರಿಯ ತೊಡಕುಗಳು

(ನಮ್ಮ ಸಂಘದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಆರೋಗ್ಯ ಗೋಷ್ಠಿಯಲ್ಲಿ ವೈದ್ಯರು ಮಾತನಾಡುವುದು ವಾಡಿಕೆ. ನಾನು ವೈದ್ಯನಲ್ಲ. ಈ ಮುಂಬಯಿಯ ಒಂದು ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಇದನ್ನೇ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. "ಔಷಧಿ ಕೊಟ್ಟವರ ಮಾತನ್ನು ಹೋದ ವರ್ಷ ಕೇಳಿದ್ದೇವೆ, ಔಷಧಿ ಕುಡಿದವರ ಮಾತನ್ನು ಈ ವರ್ಷ ಕೇಳೋಣ" ಎಂದರು. ಅವರ ಮಾತಿಗೆ ಕಟ್ಟುಬಿದ್ದು ನಿಮ್ಮ ಮುಂದೆ ನಿಂತಿದ್ದೇನೆ. ಭಾಷಣದ ರೂಢಿ ನನಗಿಲ್ಲ, ತಪ್ಪಿದ್ದರೆ ಮನ್ನಿಸಬೇಕು.

2022ರ ಜುಲೈ ತಿಂಗಳಲ್ಲಿ ನನಗೆ ರಕ್ತದ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಔಷಧಿಗಳಿಂದ ರೋಗ ಅಡಗಿತಾದರೂ ಮತ್ತೆ ತಲೆಯೆತ್ತುವುದು ಬಹುಮಟ್ಟಿಗೆ ಖಂಡಿತವೆಂದೂ, ಅದಕ್ಕೆ ಅಸ್ಥಿಮಜ್ಜೆಯ ಕಸಿಯೇ ದಾರಿಯೆಂದೂ ವೈದ್ಯರು ಹೇಳಿದರು. 2023ರ ಜನವರಿ 18ರಂದು ಆ ಕಸಿ ಆಯಿತು. ಮಜ್ಜೆ ಕೊಟ್ಟವಳು ಗದಗಿನಲ್ಲಿರುವ ನನ್ನ ತಂಗಿ.

ಕಸಿ ಎಂದೊಡನೆ ಹೊಟ್ಟೆ ಕೊಯ್ದು ಹೊಲಿದಂತೆ ಎಂದು ಹಲವರು ಎಣಿಸುತ್ತಾರೆ. ಹಾಗೇನೂ ಇಲ್ಲ. ತಂಗಿಗೆ ನಾಲ್ಕೈದು ದಿನ ಸೂಜಿಮದ್ದು ಕೊಟ್ಟು, ಆಮೇಲೆ ಆಕೆಯ ತೋಳಿನ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಬೇಕಾದ ಮೂಲಕಣಗಳನ್ನಷ್ಟೇ ಉಳಿಸಿಕೊಂಡು ಮಿಕ್ಕ ರಕ್ತವನ್ನು ಆಕೆಗೇ ಹಿಂದಿರುಗಿಸಿದರು. ನನಗೆ ಅದಕ್ಕೆ ಮೊದಲು ಒಂದು ವಾರ ಉಗ್ರವಾದ ಔಷಧಿ ಕೊಟ್ಟು ನನ್ನ ಮಜ್ಜೆಯನ್ನು ಬರಿದು ಮಾಡಿದ್ದರು. ತಂಗಿಯ ಕಣಗಳು ಒಂದು ಚೀಲದಲ್ಲಿ ಬಂದವು. ರಕ್ತ ಕೊಡುವ ಹಾಗೆಯೇ ನರದೊಳಗೆ ಹನಿಹನಿಯಾಗಿ ಇಳಿಸಿದರು. ನೋಡುವವರಿಗೆ ಅದರಲ್ಲಿ ಏನೂ ವಿಶೇಷ ಕಾಣದು.

ಈ ಚಿಕಿತ್ಸೆಯನ್ನು ಮನುಷ್ಯರಲ್ಲಿ ಮೊದಲು ಮಾಡಿ 1957ರಲ್ಲಿ ಪ್ರಕಟಿಸಿದವರು ಅಮೆರಿಕದ ಡಾ. ಡೊನಾಲ್ ಥಾಮಸ್ ಅವರು. ಆ ಮೊದಲ ರೋಗಿಗಳು ಬಹುಕಾಲ ಬದುಕಲಿಲ್ಲ. ಥಾಮಸ್ ಅವರು ಕೈಬಿಡದೆ ದುಡಿದರು. 1990ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ದೇಶದಲ್ಲಿ ಇದು ಮೊದಲು ನಡೆದುದು ಈ ನಗರದಲ್ಲಿಯೇ, 1983ರಲ್ಲಿ, ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ಡಾ. ಸುರೇಶ ಅಡ್ವಾಣಿಯವರ ಕೈಯಿಂದ. ಆ ದಿನಗಳಲ್ಲಿ ಅಪರೂಪವಾಗಿದ್ದುದು ಈಗ ವೆಲ್ಲೂರು, ಬೆಂಗಳೂರು, ಪುಣೆ, ದೆಹಲಿ ಮೊದಲಾದ ಊರುಗಳಲ್ಲಿಯೂ ನಡೆಯುತ್ತಿದೆ. ಆದುದರಿಂದ ಕಸಿಯ ವಿಷಯವನ್ನು ನಾನು ಹೆಚ್ಚು ಹೇಳಬೇಕಾಗಿಲ್ಲ. ಕಸಿಯಾದ ಮೇಲಿನ ವಿಷಯವನ್ನು ಹೇಳುವವರು ಕಡಿಮೆ. ನಾನು ಎಡವಿದ್ದೂ ಅಲ್ಲಿಯೇ.

ಕಸಿ ಎಂಬ ಮಾತು ನಮಗೆ ತೋಟದಿಂದ ಬಂದುದು. ಕಸಿ ಕಟ್ಟಿದ ಮಾವಿನ ಸಸಿಯನ್ನು ಆ ದಿನವೇ ಯಾರೂ ಬಿಸಿಲಿನಲ್ಲಿ ನಿಲ್ಲಿಸುವುದಿಲ್ಲ. ನೆರಳು ಮಾಡುತ್ತಾರೆ, ಕಟ್ಟು ಸಡಿಲವಾಯಿತೋ ಎಂದು ನೋಡುತ್ತಾರೆ, ಚಿಗುರು ಬಾಡಿದರೆ ಆ ಕ್ಷಣವೇ ಗಮನಿಸುತ್ತಾರೆ. ಮನುಷ್ಯನ ಕಸಿಗೂ ಇದೇ ಮಾತು.

ಮೊದಲ ಎರಡು ಮೂರು ವಾರ ಆಸ್ಪತ್ರೆಯ ಕೋಣೆಯಲ್ಲೇ ಕಳೆಯುತ್ತವೆ. ಹಳೆಯ ಮಜ್ಜೆ ಹೋಗಿದೆ, ಹೊಸದು ಬೇರೂರಿಲ್ಲ. ಬಿಳಿಯ ರಕ್ತಕಣಗಳು ಇಲ್ಲವೆಂಬಷ್ಟು ಇಳಿದಿರುತ್ತವೆ. ನನಗೆ ಬಾಯಿ, ಗಂಟಲು ತುಂಬ ಹುಣ್ಣಾಗಿ ಗಂಜಿಯ ತಿಳಿಯೂ ಇಳಿಯದಾಯಿತು. ಉಗುಳು ನುಂಗುವುದಕ್ಕೂ ಹೆದರುತ್ತಿದ್ದೆ. ಜ್ವರ ಬಂತು, ಭೇದಿಯಾಯಿತು, ತಲೆಗೂದಲು ಉದುರಿತು. ಆದರೆ ಆಗ ನನಗೆ ಭಯವಿರಲಿಲ್ಲ. ನೋಡುವವರು ಹಗಲಿರುಳು ಬಳಿಯಲ್ಲಿದ್ದರು. ಬಿಳಿಯ ಕಣಗಳಲ್ಲಿ ರೋಗಾಣುಗಳೊಡನೆ ಮೊದಲು ಹೋರಾಡುವ ಜಾತಿಯವು ಮೂರು ದಿನ ಎಡೆಬಿಡದೆ 500ರ ಮೇಲೆ ನಿಂತರೆ ಮಜ್ಜೆ ಬೇರೂರಿತೆಂದು ಲೆಕ್ಕ. ನನಗೆ ಹದಿನೇಳನೆಯ ದಿನ ಹಾಗಾಯಿತು. ಫೆಬ್ರವರಿ 15ರಂದು ಮನೆಗೆ ಕಳುಹಿಸಿದರು.

ಮನೆಗೆ ಬಂದೆನಲ್ಲ, ಇನ್ನು ಗೆದ್ದೆ ಎಂದುಕೊಂಡೆ. ಬಂಧುಗಳೂ ಹಾಗೆಯೇ ಎಂದುಕೊಂಡರು. ಊರಿನಿಂದ ಅಭಿನಂದನೆಯ ಮಾತುಗಳು ಬಂದವು. ವೈದ್ಯರು ಮಾತ್ರ, "ಮೊದಲ ನೂರು ದಿನ ಎಚ್ಚರ, ಆಮೇಲೆ ಬೇರೆ ಬಗೆಯ ಎಚ್ಚರ" ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಆ ಹಾಳೆಯನ್ನು ನನ್ನ ಮನೆಯಾಕೆ ಓದಿದಳು, ನಾನು ಮಡಿಸಿಟ್ಟೆ.

ಮಾರ್ಚ್ ತಿಂಗಳ ನಡುವೆ ಅಂಗೈಗಳಲ್ಲಿ ಕಡಿತ ಶುರುವಾಯಿತು. ಕಿವಿಯ ಹಿಂದೆ, ಎದೆಯ ಮೇಲೆ ಕೆಂಪು ಗಂಧೆಗಳು ಎದ್ದವು. ಸೆಕೆಗೆ ಬೆವರುಸಾಲೆ ಎದ್ದಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಕೊಬ್ಬರಿ ಎಣ್ಣೆ ಸವರಿದೆ. ಆ ವಾರ ರಕ್ತಪರೀಕ್ಷೆಗೆ ಹೋದಾಗ ವೈದ್ಯರು, "ಹೊಸದೇನಾದರೂ ಇದೆಯೆ?" ಎಂದು ಕೇಳಿದರು. "ಏನೂ ಇಲ್ಲ" ಎಂದೆ. ತೋಳು ಮುಚ್ಚುವ ಅಂಗಿ ಹಾಕಿಕೊಂಡು ಹೋಗಿದ್ದೆ.

ಏಕೆ ಮುಚ್ಚಿಟ್ಟೆ ಎಂದು ನೀವು ಕೇಳಬಹುದು. ತಂಗಿ ತನ್ನ ಮನೆ, ಮಕ್ಕಳನ್ನು ಬಿಟ್ಟು ಎರಡು ತಿಂಗಳಿನಿಂದ ಇಲ್ಲಿಯೇ ಇದ್ದಳು. ಯುಗಾದಿ ಮುಗಿಸಿಕೊಂಡು ಊರಿಗೆ ಹೊರಡಲು ಆಕೆಯ ರೈಲಿನ ಟಿಕೆಟು ಆಗಿತ್ತು. ನಾನು ಬಾಯಿಬಿಟ್ಟರೆ ಆಕೆ ಹೊರಡುವುದಿಲ್ಲ. ಅದೂ ಅಲ್ಲದೆ ಖರ್ಚಿನ ಲೆಕ್ಕ ತಲೆಯಲ್ಲಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆ ಕೋಣೆಗೆ ಮತ್ತೆ ಹೋಗುವುದೆಂದರೆ ಮನಸ್ಸು ಒಪ್ಪುತ್ತಿರಲಿಲ್ಲ. ಹೀಗೆ ಆರು ದಿನ ಕಳೆದೆ.

2023ರ ಯುಗಾದಿ ಮಾರ್ಚ್ 22ರಂದು. ಬೇವಿನ ಹಸಿ ಎಲೆ ನನಗೆ ಕೂಡದೆಂದು ಮನೆಯಾಕೆ ಬರಿಯ ಬೆಲ್ಲದ ಚೂರನ್ನು ತಂದಳು. ತೆಗೆದುಕೊಳ್ಳಲು ಕೈಯೊಡ್ಡಿದೆ. ಅಂಗೈ ಕುಂಕುಮ ಕಲಸಿದಂತೆ ಕೆಂಪಗಿತ್ತು. ಆಕೆ ಬೆಲ್ಲ ಕೊಡಲಿಲ್ಲ. ಒಂದು ಮಾತನ್ನೂ ಆಡದೆ ತಟ್ಟೆಯನ್ನು ಕೆಳಗಿಟ್ಟು ಆಸ್ಪತ್ರೆಗೆ ಫೋನು ಮಾಡಿದಳು. ಮಧ್ಯಾಹ್ನದೊಳಗೆ ಆಸ್ಪತ್ರೆ ಸೇರಿದೆವು. ಅಷ್ಟರಲ್ಲಿ ಹೊಟ್ಟೆಯೂ ಕೆಟ್ಟಿತ್ತು. ಆ ರಾತ್ರಿ ಒಂಬತ್ತು ಸಲ ಭೇದಿಯಾಯಿತು. ಇಪ್ಪತ್ತಮೂರು ದಿನ ಅಲ್ಲಿಯೇ ಇರಬೇಕಾಯಿತು. ವೈದ್ಯರು ಬಯ್ಯಲಿಲ್ಲ. "ಚರ್ಮದಲ್ಲಿದ್ದಾಗಲೇ ಹೇಳಿದ್ದರೆ ಮುಲಾಮಿನಲ್ಲೇ ಮುಗಿಯಬಹುದಿತ್ತು" ಎಂದಷ್ಟೇ ಹೇಳಿದರು. ಆ ಮಾತನ್ನು ನಾನು ಮರೆತಿಲ್ಲ.

ಇದೇನು ಬೇನೆ? ದಾನಿಯ ಕಣಗಳು ಹೊಸ ದೇಹವನ್ನು ಪರಕೀಯವೆಂದು ಬಗೆದು ಅದರ ಮೇಲೆ ಬೀಳುವುದು. ಮೊದಲ ತಿಂಗಳುಗಳಲ್ಲಿ ಅವು ಹೆಚ್ಚಾಗಿ ಚರ್ಮ, ಕರುಳು, ಯಕೃತ್ತು ಈ ಮೂರನ್ನು ಹಿಡಿಯುತ್ತವೆ. ಆದುದರಿಂದ ಮೈಯ ಮೇಲಿನ ಗಂಧೆ, ಭೇದಿ, ಕಣ್ಣಿನ ಹಳದಿ ಇವುಗಳಲ್ಲಿ ಯಾವುದನ್ನೂ ಸಾಮಾನ್ಯವೆಂದು ತಳ್ಳಬಾರದು. ಒಡಹುಟ್ಟಿದವರ ಮಜ್ಜೆ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹೊಂದಿದರೂ ಎಲ್ಲವೂ ಒಂದೇ ಆಗಿರುವುದಿಲ್ಲ. ಅಣ್ಣ ತಂಗಿಯರಾದರೂ ನಾವು ಇಬ್ಬರಲ್ಲವೆ?

ಇಲ್ಲೊಂದು ಸೋಜಿಗವಿದೆ. ದೇಹದೊಡನೆ ಜಗಳವಾಡುವ ಇದೇ ಕಣಗಳು ಎಲ್ಲಿಯಾದರೂ ಅಡಗಿ ಉಳಿದ ಕ್ಯಾನ್ಸರ್ ಕಣಗಳನ್ನೂ ಹುಡುಕಿ ಕೊಲ್ಲುತ್ತವೆ. ಕಸಿಯಿಂದ ರೋಗ ವಾಸಿಯಾಗುವುದಕ್ಕೆ ಇದು ದೊಡ್ಡ ಕಾರಣ. ಆದುದರಿಂದ ಅವುಗಳನ್ನು ಪೂರ್ತಿ ಅಡಗಿಸಿದರೆ ಕ್ಯಾನ್ಸರಿಗೂ ರೋಗಾಣುಗಳಿಗೂ ಬಾಗಿಲು ತೆರೆದಂತೆ. ಹಾಗೆಯೇ ಬಿಟ್ಟರೆ ದೇಹ ಉಳಿಯದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನಮ್ಮ ಗಾದೆಯೇ ವೈದ್ಯರ ಪಾಡು. ಔಷಧಿಯ ಅಳತೆಯನ್ನು ವಾರವಾರವೂ ಏರಿಸಿ ಇಳಿಸುವುದು ಇದಕ್ಕಾಗಿ. ನಮಗೆ ನಾವೇ ಒಂದು ಹೊತ್ತಿನ ಮಾತ್ರೆಯನ್ನು ಬಿಡುವುದು ಎಂತಹ ಅವಿವೇಕವೆಂಬುದನ್ನು ನೀವೇ ಯೋಚಿಸಿ.

ತಂಗಿ ಊರಿಗೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಹಾಸಿಗೆಯ ಬಳಿ ಕುಳಿತು ಒಂದು ದಿನ, "ಅಣ್ಣಾ, ನಾ ಕೊಟ್ಟದ್ದ ನಿನಗ ಮುಳುವಾತೇನು?" ಎಂದು ಅತ್ತಳು. ನನ್ನ ಬೇನೆಗಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು. ಅಂದು ವೈದ್ಯರೇ ಆಕೆಗೆ ತಿಳಿಯಹೇಳಿದರು: "ತಾಯಿ, ನೀವು ಕೊಟ್ಟುದು ಚೆನ್ನಾಗಿ ಕೆಲಸ ಮಾಡುತ್ತಿದೆ, ಸ್ವಲ್ಪ ಹೆಚ್ಚೇ ಮಾಡುತ್ತಿದೆ." ಅಳುತ್ತಿದ್ದವಳು ನಕ್ಕಳು. ಮಜ್ಜೆ ಕೊಟ್ಟವರ ಮನಸ್ಸಿನಲ್ಲಿ ಇಂತಹ ಸಂಕಟವಿರುತ್ತದೆ. ಅವರದು ತಪ್ಪಲ್ಲವೆಂದು ಮನೆಯವರು ಬಾಯಿಬಿಟ್ಟು ಹೇಳಬೇಕು.

ಆ ಜಗಳವನ್ನು ಅಡಗಿಸಲು ಸ್ಟಿರಾಯ್ಡ್ ಕೊಟ್ಟರು. ಅದು ಪ್ರಾಣ ಉಳಿಸಿತು. ಸುಂಕವನ್ನೂ ವಸೂಲು ಮಾಡಿತು. ಮುಖ ಊದಿತು. ಸಕ್ಕರೆ ಏರಿತು. ತೊಡೆಯ ಬಲ ಕುಗ್ಗಿ ನೆಲದಿಂದ ಏಳಲಾರದೆ ಹೋದೆ. ನಿದ್ದೆ ಹೋಯಿತು, ಸಿಟ್ಟು ಬಂತು. ಉಪ್ಪು ಕಡಿಮೆಯಾಯಿತೆಂದು ಒಮ್ಮೆ ತಟ್ಟೆಯನ್ನು ತಳ್ಳಿಬಿಟ್ಟೆ. ಮನೆಯಾಕೆ, "ಇದು ನೀವಲ್ಲ, ನಿಮ್ಮ ಮಾತ್ರೆ" ಎಂದು ತಟ್ಟೆಯನ್ನು ಮತ್ತೆ ತಂದಿಟ್ಟಳು. ಎಲ್ಲರ ಮನೆಯಲ್ಲೂ ಇಂತಹ ತಾಳ್ಮೆ ಇರಲಾರದು. ಆದುದರಿಂದ ಮುಂಚೆಯೇ ಹೇಳುತ್ತಿದ್ದೇನೆ: ಆ ದಿನಗಳಲ್ಲಿ ರೋಗಿ ಆಡಿದ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅದೇ ಸಮಯದಲ್ಲಿ ಇನ್ನೊಂದು ತೊಡಕು. ನಮ್ಮಲ್ಲಿ ಬಹುಜನರ ಮೈಯಲ್ಲಿ ಬಾಲ್ಯದಿಂದಲೂ ಮಲಗಿರುವ ಒಂದು ವೈರಸ್ ಇದೆ, ಅದನ್ನು ಸಿ.ಎಂ.ವಿ. ಎನ್ನುತ್ತಾರೆ. ದೇಹದ ಕಾವಲು ಸಡಿಲವಾದರೆ ಅದು ಏಳುತ್ತದೆ. ನನಗೆ ಯಾವ ಲಕ್ಷಣವೂ ಕಾಣುವ ಮೊದಲೇ ವಾರದ ರಕ್ತಪರೀಕ್ಷೆಯಲ್ಲಿ ಅದು ಸಿಕ್ಕಿಬಿದ್ದಿತು, ಔಷಧಿಯಿಂದ ಅಡಗಿತು. "ಚೆನ್ನಾಗಿದ್ದೇನಲ್ಲ, ಈ ವಾರ ಪರೀಕ್ಷೆ ಬೇಡ" ಎನ್ನುವವರು ಇದನ್ನು ನೆನಪಿಡಬೇಕು.

ಎರಡನೆಯ ಸಲ ಮನೆಗೆ ಬಂದಾಗ ಮನೆಯಾಕೆ ನನ್ನ ಮೇಲೆ ನಂಬಿಕೆ ಇಡಲಿಲ್ಲ; ಎರಡು ರೂಲಿನ ಒಂದು ನೋಟುಪುಸ್ತಕವನ್ನು ತಂದಳು. ಬೆಳಗಿನ ಜ್ವರ, ಸಂಜೆಯ ಜ್ವರ, ತೂಕ, ಎಷ್ಟು ನೀರು ಕುಡಿದೆ, ಎಷ್ಟು ಸಲ ಹೊರಕ್ಕೆ ಹೋದೆ, ಯಾವ ಮಾತ್ರೆ ಎಷ್ಟು ಗಂಟೆಗೆ, ಮೈಮೇಲೆ ಹೊಸದೇನು ಎಂದು ಗೆರೆ ಎಳೆದು ಅಚ್ಚಗನ್ನಡದಲ್ಲಿ ಬರೆಯತೊಡಗಿದಳು. ಮೂವತ್ತು ವರ್ಷ ಪರರ ಲೆಕ್ಕ ಬರೆದ ನನಗೆ ನನ್ನ ಮೈಯ ಲೆಕ್ಕ ಬರೆಯುವುದು ತೋಚಿರಲಿಲ್ಲ. ವೈದ್ಯರ ಮುಂದೆ ಕುಳಿತಾಗ ನೆನಪು ಕೈಕೊಡುತ್ತದೆ, ಪುಸ್ತಕ ಕೈಕೊಡುವುದಿಲ್ಲ.

ಜ್ವರದ ವಿಷಯದಲ್ಲಿ ನಮಗೆ ಕೊಟ್ಟ ಕಟ್ಟಳೆ ಇಷ್ಟು: 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನು. ಮೊದಲೇ ಜ್ವರದ ಗುಳಿಗೆ ನುಂಗಿ ಬೆಳಗಿನ ತನಕ ಕಾಯುವುದು ಕೂಡದು. ಗುಳಿಗೆ ಜ್ವರವನ್ನು ಮರೆಮಾಡೀತು, ರೋಗಾಣುವನ್ನು ಕೊಲ್ಲದು. ಬಿಳಿಯ ಕಣ ಕಡಿಮೆಯಿರುವವನಿಗೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬಂದೀತು.

ಈ ನಗರದ ಮಳೆಗಾಲ ನಿಮಗೆ ಗೊತ್ತಿದೆ. ಗೋಡೆಗೆ ಬೂಷ್ಟು ಹಿಡಿಯುತ್ತದೆ. ಪಕ್ಕದ ಕಟ್ಟಡ ಕೆಡವಿದರೆ ಧೂಳು ಒಳಕ್ಕೆ ಬರುತ್ತದೆ. ಇವುಗಳಲ್ಲಿರುವ ಶಿಲೀಂಧ್ರದ ಬೀಜ ಆರೋಗ್ಯವಂತನಿಗೆ ಏನೂ ಮಾಡದು. ನನ್ನಂತಹವನ ಶ್ವಾಸಕೋಶದಲ್ಲಿ ಮೊಳೆತೀತು. ನನ್ನ ಕೋಣೆಯ ಗೋಡೆಯನ್ನು ನಾನು ಬರುವುದಕ್ಕೆ ಮೊದಲೇ ಒಣಗಿಸಿ ಸುಣ್ಣ ಬಳಿಸಿದ್ದರು. ಕುಂಡಗಳ ಮಣ್ಣು ಮುಟ್ಟಕೂಡದೆಂದು ಬಾಲ್ಕನಿಯ ತುಳಸಿಯನ್ನು ನೆರೆಮನೆಯ ಮರಾಠಿ ತಾಯಿ ತಮ್ಮಲ್ಲಿ ಇಟ್ಟುಕೊಂಡು ಒಂದು ವರ್ಷ ನೀರೆರೆದರು.

ಊಟದಲ್ಲಿ ನನಗೆ ಬಿಸಿಯಾಗಿ ಮನೆಯಲ್ಲಿ ಬೆಂದುದೇ ಪಥ್ಯ. ಹಸಿ ಕೋಸಂಬರಿ, ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು, ಕಾಯಿಸದ ನೀರು ಬೇಡ. ಚಕ್ಕೋತ ಬೇಡವೆಂದಾಗ ನನಗೆ ಆಶ್ಚರ್ಯವಾಯಿತು. ಆ ಜಾತಿಯ ಹಣ್ಣಿನ ರಸವು ದೇಹದ ಕಾವಲನ್ನು ಅಡಗಿಸುವ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸಿಬಿಡಬಲ್ಲುದಂತೆ. ಇನ್ನು ಕಷಾಯದ ಮಾತು. ಊರಿನಿಂದ ಬಂಧುಗಳು ಪ್ರೀತಿಯಿಂದ ಅಮೃತಬಳ್ಳಿಯ ಪುಡಿಯನ್ನು ಕಳುಹಿಸಿದ್ದರು, ಮೈಯ ಶಕ್ತಿ ಹೆಚ್ಚಲೆಂದು. ವೈದ್ಯರಿಗೆ ತೋರಿಸಿದೆವು, ಬೇಡವೆಂದರು. ಅದನ್ನು ಸೇವಿಸಿದ ಕೆಲವರಿಗೆ ಯಕೃತ್ತು ಕೆಟ್ಟುದನ್ನು 2021ರಲ್ಲಿ ಮುಂಬಯಿಯ ವೈದ್ಯರೇ ವರದಿ ಮಾಡಿದ್ದಾರೆ. ಅದಲ್ಲದೆ, ಕಾವಲನ್ನು ಅಡಗಿಸಲು ಮಾತ್ರೆ ನುಂಗುತ್ತಿರುವವನು ಅದೇ ಕಾವಲನ್ನು ಕೆರಳಿಸಲು ಪುಡಿ ತಿನ್ನುವುದು ಹೇಗೆ? ಯಾರ ಪಥ್ಯ ಎಷ್ಟು ದಿನ ಎಂಬುದನ್ನು ಅವರವರ ವೈದ್ಯರೇ ಹೇಳಬೇಕು. ಕೇಳದೆ ತಿನ್ನಬೇಡಿ, ತಿಂದು ಮುಚ್ಚಿಡಬೇಡಿ ಎಂಬುದಷ್ಟೇ ನನ್ನ ಮಾತು.

ಏಪ್ರಿಲ್ 28ಕ್ಕೆ ನೂರು ದಿನ ತುಂಬಿತು. ಅಂದಿಗೆ ಎಲ್ಲವೂ ಮುಗಿಯಲಿಲ್ಲ. ಆ ವರ್ಷ ನವರಾತ್ರಿಯ ಹೊತ್ತಿಗೆ ಬಾಯಿ ಒಣಗತೊಡಗಿತು. ಸಾರಿನ ಖಾರ ಬೆಂಕಿಯಾಯಿತು. ಕಣ್ಣಿನಲ್ಲಿ ಮರಳು ಬಿದ್ದಂತೆ ಉರಿ. ಇದು ಅದೇ ಜಗಳದ ನಿಧಾನದ ರೂಪ. ಚರ್ಮ ಬಿಗಿಯಬಹುದು, ಕೀಲು ಹಿಡಿಯಬಹುದು, ಶ್ವಾಸಕೋಶಕ್ಕೂ ಹೋಗಬಹುದು. ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಏದುಸಿರು ಬಂದರೆ ವಯಸ್ಸಾಯಿತೆಂದು ಸುಮ್ಮನಿರದೆ ಉಸಿರಿನ ಪರೀಕ್ಷೆ ಮಾಡಿಸಬೇಕು. ಈ ಸಲ ನಾನು ಮೊದಲ ದಿನವೇ ಹೇಳಿದೆ. ಕಣ್ಣಿಗೆ ಹನಿ, ಬಾಯಿಗೆ ಔಷಧಿ, ಬಿಸಿಲಿಗೆ ಕೊಡೆ, ಇಷ್ಟರಲ್ಲಿ ನಡೆದುಹೋಯಿತು. ಒಂದು ರಾತ್ರಿಯೂ ಆಸ್ಪತ್ರೆಯಲ್ಲಿ ಕಳೆಯಲಿಲ್ಲ. ಎರಡು ಸಲದ ವ್ಯತ್ಯಾಸವನ್ನು ನೀವೇ ನೋಡಿ. ಬೇನೆ ಒಂದೇ, ಮೈ ಒಂದೇ. ಒಮ್ಮೆ ಆರು ದಿನ ಮುಚ್ಚಿಟ್ಟೆ, ಒಮ್ಮೆ ಆ ದಿನವೇ ಹೇಳಿದೆ.

ಮಗುವಾಗಿದ್ದಾಗ ಹಾಕಿಸಿದ ಲಸಿಕೆಗಳ ಫಲವೆಲ್ಲ ಹಳೆಯ ಮಜ್ಜೆಯೊಡನೆ ಹೋಗಿರುತ್ತದೆ. ಆದುದರಿಂದ ಅರುವತ್ತೊಂದನೆಯ ವಯಸ್ಸಿನಲ್ಲಿ ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆಯನ್ನು ಮತ್ತೆ ಮೊದಲಿನಿಂದ ಹಾಕಿಸಿಕೊಂಡೆ. ದಡಾರದಂತಹ, ಜೀವಂತ ರೋಗಾಣುವಿನ ಲಸಿಕೆಗಳಿಗೆ ಎರಡು ವರ್ಷವಾದರೂ ಕಾಯಬೇಕು. ಆಗಲೂ ಕಾವಲನ್ನು ಅಡಗಿಸುವ ಔಷಧಿ ನಿಂತಿರಬೇಕು. ಮೊದಲು ನನ್ನ ರಕ್ತ ಬಿ ಗುಂಪಿನದು; ಈಗ ತಂಗಿಯ ಓ ಗುಂಪು. 2025ರ ಜನವರಿಗೆ ಎರಡು ವರ್ಷ ತುಂಬಿದವು. ಆ ದಿನ ಆಕೆ ಗದಗಿನಿಂದ ಫೋನು ಮಾಡಿ, "ಅಣ್ಣಾ, ಈಗ ನೀ ನನಗಿಂತ ಸಣ್ಣಾಂವ" ಎಂದಳು.

ಕೊನೆಗೆ ಸಂಘದ ಬಂಧುಗಳಲ್ಲಿ ಕೆಲವು ವಿನಂತಿಗಳು.

ಚಿಕಿತ್ಸೆಗೆಂದು ನಮ್ಮ ನಾಡಿನ ಹಳ್ಳಿಗಳಿಂದ ಎಷ್ಟೋ ಸಂಸಾರಗಳು ಈ ನಗರಕ್ಕೆ ಬರುತ್ತವೆ. ಪರೇಲಿನ ಸುತ್ತಿನ ಧರ್ಮಶಾಲೆಗಳಲ್ಲಿ, ಬಾಡಿಗೆಯ ಕೋಣೆಗಳಲ್ಲಿ ತಿಂಗಳುಗಟ್ಟಲೆ ಇರುತ್ತವೆ. ನಾನು ಬೇಕೆಂದು ಮುಚ್ಚಿಟ್ಟೆ. ಅವರು ಭಾಷೆ ಬಾರದೆ ಮುಚ್ಚಿಡುತ್ತಾರೆ. ನಮ್ಮವನು "ಸುಸ್ತು" ಎಂದರೆ ಮೈಯಲ್ಲಿ ತ್ರಾಣವಿಲ್ಲವೆಂದು ಅರ್ಥ. ಇಲ್ಲಿನ ಕಿವಿಗೆ ಅದು ಸೋಮಾರಿತನವೆಂದು ಕೇಳುತ್ತದೆ. "ಹೊಟ್ಟೆ ಜಾಡಿಸ್ತದ" ಎಂಬುದನ್ನು ಯಾರು ತಿಳಿಸಬೇಕು? ನಮ್ಮಲ್ಲಿ ನಿವೃತ್ತರಾದವರು ಸರದಿಯಂತೆ ವಾರಕ್ಕೊಂದು ಬೆಳಗು ಅವರ ಜೊತೆ ಹೋಗಿ ಮಾತು ತಿಳಿಸಿಕೊಟ್ಟರೆ, ಅದಕ್ಕಿಂತ ದೊಡ್ಡ ಕನ್ನಡ ಸೇವೆ ನನಗೆ ತಿಳಿಯದು.

ರಕ್ತವನ್ನೂ ಪ್ಲೇಟ್ಲೆಟ್ಟನ್ನೂ ಕೊಡುವ ತರುಣರ ಒಂದು ಪಟ್ಟಿ ಸಂಘದಲ್ಲಿರಲಿ. ನನಗಾಗಿ ಬಂದು ಕೊಟ್ಟವರಲ್ಲಿ ನಾಲ್ವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅವರ ಋಣ ದೊಡ್ಡದು. ಒಡಹುಟ್ಟಿದವರ ಮಜ್ಜೆ ಹೊಂದದವರಿಗಾಗಿ ದಾನಿಗಳ ನೋಂದಣಿಯೂ ಇದೆ; ಚೆನ್ನೈಯಲ್ಲಿ 2009ರಲ್ಲಿ ಆರಂಭವಾದ ದಾತ್ರಿ ಅಂತಹುದೊಂದು. ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಸವರಿ ತೆಗೆದ ಮಾದರಿ ಕೊಟ್ಟರೆ ಹೆಸರು ಸೇರುತ್ತದೆ. ಹೆಸರು ಕೊಡುವ ಮೊದಲು ಮನೆಯಲ್ಲಿ ಮಾತನಾಡಿಕೊಳ್ಳಿ. ರೋಗಿಯ ಮಜ್ಜೆಯನ್ನು ಬರಿದು ಮಾಡಿದ ಮೇಲೆ ದಾನಿ ಹಿಂಜರಿದರೆ ಆ ಜೀವ ಉಳಿಯುವುದು ಕಷ್ಟ.

ರೋಗಿಯನ್ನು ನೋಡಲು ಹೋಗುವುದು ನಮ್ಮ ಸಂಪ್ರದಾಯ. ನೆಗಡಿಯಿದ್ದರೆ ಹೋಗಬೇಡಿ, ಬಾಗಿಲಲ್ಲೇ ಕೈ ತೊಳೆದುಕೊಳ್ಳಿ, ಹೂವು ಬೇಡ. ನೋಡಲಾಗದಿದ್ದರೆ ಶುಶ್ರೂಷೆ ಮಾಡುತ್ತಿರುವ ಗೃಹಿಣಿಗೆ ಒಂದು ಹೊತ್ತಿನ ಬಿಡುವು ಮಾಡಿಕೊಡಿ. ಸಾಮಾನು ತಂದುಕೊಡಿ, ಮಕ್ಕಳನ್ನು ನೋಡಿಕೊಳ್ಳಿ. ನನ್ನ ಮನೆಯಾಕೆ ಹದಿನಾಲ್ಕು ತಿಂಗಳು ಒಂದು ಮದುವೆಗೂ ಹೋಗಲಿಲ್ಲ. ಆಕೆಯ ಮೈಯ ಲೆಕ್ಕವನ್ನು ಯಾರೂ ಯಾವ ಪುಸ್ತಕದಲ್ಲಿಯೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಆ ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ.

ಪರಊರಿನಲ್ಲಿ ಬಾಳುವ ನಾವು ಕಷ್ಟವನ್ನು ಹೇಳಿಕೊಳ್ಳದಿರುವುದನ್ನು ಅಭ್ಯಾಸ ಮಾಡಿಕೊಂಡಿದ್ದೇವೆ. ಊರಿನವರಿಗೆ ಚಿಂತೆಯಾದೀತೆಂದು "ಎಲ್ಲ ಚೆನ್ನಾಗಿದೆ" ಎಂದೇ ಬರೆಯುತ್ತೇವೆ. ಬೇರೆ ಕಷ್ಟಗಳಲ್ಲಿ ಅದು ಗುಣವಿರಬಹುದು. ಈ ಕಾಯಿಲೆಯಲ್ಲಿ ಅದು ಅಪಾಯ. ಕಸಿಯಾದವನಿಗೆ ತೊಡಕು ಬಂದರೆ ಅದು ಸೋಲಲ್ಲ, ದಾರಿಯಲ್ಲಿರುವುದೇ. ಬಂದ ದಿನವೇ ಬಾಯಿಬಿಟ್ಟು ಹೇಳಿ. ನನ್ನ ಅನುಭವದಿಂದ ನಿಮಗೆ ಕೊಡಬಹುದಾದುದು ಇದೊಂದೇ.